ಹೊಸ ಕುದುರೆಗೆ ಹಳೆ ರಾವುತ

ಕುದುರೆ ಕಂಡರೆ ಕಾಲು ನೋವು ಅನ್ನುತ್ತಾರೆ. ಅಫಜಲಪುರ ತಾಲ್ಲೂಕಿನ ನನ್ನ ಪರಿಚಯದ ಮಾಸ್ತರರ ಕಥೆ ಬೇರೆ. ಕುದುರೆ ಕಂಡರೆ ಅವರಿಗೆ ಕಾಲು ನೋಯುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಹತ್ತು ವರ್ಷದ ಹುಡುಗನಾಗಿದ್ದಾಗ ಸೋದರಮಾವನ ಕುದುರೆ ಮೇಲಿಂದ ಭೀಮಾ ದಂಡೆಯ ಕಲ್ಲಿನ ಮೇಲೆ ಬಿದ್ದು ಕೈ ಮುರಿದುಕೊಂಡಿದ್ದರು. ಕೈ ಕೂಡಿತು, ಅಂಜಿಕೆ ಹೋಗಲಿಲ್ಲ. ಹಾಗಂತ ಆಸೆಯೂ ಹೋಗಲಿಲ್ಲ. ಐವತ್ತರ ಹೊಸ್ತಿಲಲ್ಲಿ ನಿಂತಾಗ, ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಗೆ ‘ಸುಮ್ಮನೆ ನೋಡಿ ಬರ್ತೀನಿ’ ಎಂದು ಹೋದವರು ಐದು ವರ್ಷದ ಕೆಂಚು ಹೆಣ್ಣು ಕುದುರೆಯೊಂದನ್ನು ಹಿಡಿದುಕೊಂಡು ಬಂದರು. ಮನೆಯಲ್ಲಿ ಏನು ನಡೆಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ತಿಂಗಳು ಕಳೆದ ಮೇಲೆ ಫೋನು ಬಂತು. “ಕುದುರಿ ತಪ್ಪಲ್ರೀ ಸರ, ತಪ್ಪು ನಂದೇ ಅದ. ನಾ ಮ್ಯಾಲ ಕುಂತ ಕೂಡ್ಲೇ ಅದಕ್ಕ ಗೊತ್ತಾಗ್ತದ. ಕಿವಿ ಹಿಂದ ಮಾಡಿ ಅಡ್ಡಡ್ಡ ನಡೀತದ. ಟೀವ್ಯಾಗ ನಮ್ಮ ಹುಡುಗುರು ಬಂಗಾರ ಗೆದ್ರಲ್ರೀ, ಆ ಡ್ರೆಸಾಜ್ ಕಲಿಸೋರು ನಮ್ಮ ಕಡಿ ಯಾರರ ಅದಾರೇನು?”

ಮಾಸ್ತರರು ಹೇಳಿದ್ದು 2023ರ ಸೆಪ್ಟೆಂಬರಿನ ಮಾತು. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ ಸೇರಿದ ಭಾರತ ತಂಡ ಡ್ರೆಸಾಜ್‌ನಲ್ಲಿ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 1982ರ ದೆಹಲಿ ಕ್ರೀಡಾಕೂಟದ ನಂತರ ನಮಗೆ ಬಂದ ಮೊದಲ ಚಿನ್ನ ಅದು. ಅನುಷ್‌ಗೆ ವೈಯಕ್ತಿಕ ಕಂಚೂ ಸಿಕ್ಕಿತು. ಮರುವರ್ಷ ಪ್ಯಾರಿಸ್‌ನಲ್ಲಿ ಅವರು ಒಲಿಂಪಿಕ್ಸ್ ಡ್ರೆಸಾಜ್‌ಗೆ ಇಳಿದ ಮೊದಲ ಭಾರತೀಯರಾದರು. ಆ ಸ್ಪರ್ಧೆಯನ್ನು ಟೀವಿಯಲ್ಲಿ ನೋಡಿದವರಿಗೆ ಒಂದು ವಿಚಿತ್ರ ಕಂಡಿರಬೇಕು: ಸವಾರ ಏನೂ ಮಾಡುತ್ತಿಲ್ಲ. ಕೋಟು ತೊಟ್ಟು ನೆಟ್ಟಗೆ ಕುಳಿತಿದ್ದಾನೆ. ಕುದುರೆ ತನ್ನಷ್ಟಕ್ಕೆ ತಾನೇ ಹೆಜ್ಜೆ ಹಾಕುತ್ತಿದೆ, ಓರೆಯಾಗಿ ಸರಿಯುತ್ತಿದೆ, ನಿಂತಲ್ಲೇ ಕುಣಿಯುತ್ತಿದೆ.

ಅಂಜುವ ಮನುಷ್ಯನಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಜಿಗಿತವಿಲ್ಲ, ದೌಡು ಇಲ್ಲ, ಬೀಳುವ ಹಾಗೆ ಕಾಣುವುದೂ ಇಲ್ಲ. ಹೆಸರು ಕೇಳಿ ಅದೊಂದು ವೇಷಭೂಷಣದ ಸ್ಪರ್ಧೆ ಎಂದುಕೊಂಡವರೂ ಉಂಟು. ‘ಡ್ರೆಸ್’ಗೂ ಅದಕ್ಕೂ ನಂಟಿಲ್ಲ. ಫ್ರೆಂಚ್ ಭಾಷೆಯಲ್ಲಿ ಪಳಗಿಸು, ಕಲಿಸು ಎಂಬ ಕ್ರಿಯಾಪದದಿಂದ ಬಂದ ಮಾತು. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಗಳ. ಅಂಚಿನಲ್ಲಿ ಅಕ್ಷರಗಳ ಫಲಕ. ಇಂಥ ಅಕ್ಷರದಿಂದ ಇಂಥ ಅಕ್ಷರಕ್ಕೆ ಇಂಥ ನಡೆಯಲ್ಲಿ ಹೋಗಬೇಕೆಂದು ಮೊದಲೇ ಗೊತ್ತುಮಾಡಿರುತ್ತಾರೆ. ಪ್ರತಿ ಚಲನೆಗೆ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಸ್ಪರ್ಧೆಯಲ್ಲಿ ಸವಾರ ಬಾಯಿ ಬಿಟ್ಟು ಕುದುರೆಗೆ ಏನಾದರೂ ಹೇಳಿದರೆ ಅಂಕ ಕಳೆಯುತ್ತಾರೆ. ಮಾತೆಲ್ಲ ಸೊಂಟದಿಂದ, ತೊಡೆಯಿಂದ, ಬೆರಳಿನಿಂದ. ಒಲಿಂಪಿಕ್ಸ್‌ಗೆ ಇದು ಸೇರಿದ್ದು 1912ರಲ್ಲಿ.

ಜರ್ಮನ್ನರು ಈ ಕಲಿಕೆಯನ್ನು ಆರು ಮೆಟ್ಟಿಲು ಮಾಡಿದ್ದಾರೆ. ಮೊದಲು ತಾಳ, ಆಮೇಲೆ ಮೈ ಸಡಿಲ, ಆಮೇಲೆ ಲಗಾಮಿನೊಡನೆ ಹಿತವಾದ ಸಂಪರ್ಕ, ಆಮೇಲೆ ಹಿಂಗಾಲಿನ ಕಸುವು, ನೇರ ನಡೆ, ಕೊನೆಗೆ ಮೈಯನ್ನು ತನ್ನೊಳಗೇ ಕೂಡಿಸಿಕೊಳ್ಳುವುದು. ನೋಡುವವರ ಕಣ್ಣು ಆರನೆಯ ಮೆಟ್ಟಿಲ ಮೇಲೆ. ಅಂಜುವವನಿಗೆ ಬೇಕಾದದ್ದು ಮೊದಲ ಎರಡು, ಸಾಕು. ಕುದುರೆಯ ನಡಿಗೆಗೆ ನಾಲ್ಕು ಪೆಟ್ಟು, ಕುಕ್ಕುಲೋಟಕ್ಕೆ ಎರಡು, ಹಗುರ ಓಟಕ್ಕೆ ಮೂರು. ಹಲಗೆ ಬಾರಿಸುವವರ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಳ ತಪ್ಪಿತೆಂದರೆ ಕುದುರೆ ಹೆದರಿದೆ, ಇಲ್ಲವೇ ಎಲ್ಲೋ ನೋಯುತ್ತಿದೆ.

ಇನ್ನು ಮಾಸ್ತರರ ಪ್ರಶ್ನೆ. ನಮ್ಮ ಕಡೆ ಯಾರಾದರೂ ಇದ್ದಾರೆಯೇ? ಇದ್ದರು. ಮಾಸ್ತರರು ಕೇಳಿದ್ದು ಐದೂವರೆ ಶತಮಾನ ತಡವಾಗಿ, ಅಷ್ಟೇ.

ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ 1470ರ ಆಸುಪಾಸಿನಲ್ಲಿ ಒಂದೇ ಒಂದು ಗಂಡು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಸಮುದ್ರ ದಾಟಿ ಚೌಲ್ ಬಂದರಿಗೆ ಬಂದ. ಆ ಕುದುರೆ ಹಿಂದೂಸ್ತಾನ ಮುಟ್ಟುವಷ್ಟರಲ್ಲಿ ಅವನಿಗೆ ನೂರು ರೂಬಲ್ ಬಿದ್ದಿತ್ತು. ಜುನ್ನರಿನಲ್ಲಿ ಅಲ್ಲಿಯ ಖಾನ್ ಕುದುರೆಯನ್ನು ಕಿತ್ತುಕೊಂಡು, ಧರ್ಮ ಬದಲಿಸಿದರೆ ಕುದುರೆಯ ಜೊತೆ ಹಣವನ್ನೂ ಕೊಡುತ್ತೇನೆಂದ. ಖುರಾಸಾನಿನ ಒಬ್ಬ ಖ್ವಾಜಾ ನಡುವೆ ಬಂದು ಬಿಡಿಸಿಕೊಟ್ಟ. ಅಲ್ಲಿಂದ ಬೀದರಿಗೆ ಬಂದು ಆ ಕುದುರೆ ಮಾರುವಷ್ಟರಲ್ಲಿ ವರ್ಷವೊಂದು ಅದಕ್ಕೆ ಮೇವು ಹಾಕುವುದರಲ್ಲೇ ಕಳೆಯಿತು. ಇಲ್ಲಿ ಕುದುರೆಗಳಿಗೆ ಬೇಳೆ ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಬೇಯಿಸಿದ ಖಿಚಡಿ ಕೊಡುತ್ತಾರೆ ಎಂದು ಬೆರಗಾಗಿ ಬರೆದಿಟ್ಟಿದ್ದಾನೆ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಎಂದೂ ಬರೆದ.

ಅವನು ವರ್ಣಿಸುವ ಒಂದು ಜಾತ್ರೆ ನಮ್ಮದು. ಶೇಖ್ ಅಲಾವುದ್ದೀನರ ಹೆಸರಿನ ಸಂತೆ, ವರ್ಷಕ್ಕೊಮ್ಮೆ ಹತ್ತು ದಿನ, ಇಡೀ ಹಿಂದೂಸ್ತಾನದ ವ್ಯಾಪಾರಿಗಳು ಬಂದು ಸೇರುತ್ತಾರೆ, ಇಪ್ಪತ್ತು ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ ಎನ್ನುತ್ತಾನೆ. ಆ ಊರನ್ನು ಇತಿಹಾಸಕಾರರು ಆಳಂದವೆಂದು ಗುರುತಿಸಿದ್ದಾರೆ. ನಾವು ಲಾಡ್ಲೆ ಮಶಾಕ್ ಎಂದು ಕರೆಯುವ ಸೂಫಿ ಸಂತರ ನಿಜ ಹೆಸರು ಅಲಾವುದ್ದೀನ್ ಅನ್ಸಾರಿ. ಅವರ ದರ್ಗಾ ಆಳಂದದಲ್ಲಿ ಈಗಲೂ ಇದೆ, ಉರುಸು ಈಗಲೂ ನಡೆಯುತ್ತದೆ. ಆ ಊರಿನಲ್ಲಿ ರಾತ್ರಿ ಹಾರುವ ‘ಗುಕ್ ಗುಕ್’ ಹಕ್ಕಿಯೊಂದಿದೆ, ಯಾರ ಮನೆ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವು ಎಂದೂ ನಿಕಿತಿನ್ ಸೇರಿಸುತ್ತಾನೆ. ಗೂಗಿಯ ಬಗ್ಗೆ ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದೇ. ಅದನ್ನು ರಷ್ಯದವನ ಬಾಯಲ್ಲಿ ಕೇಳಿದಾಗ, ಇವನು ನಿಜಕ್ಕೂ ನಮ್ಮೂರಿಗೆ ಬಂದಿದ್ದ ಎಂಬ ನಂಬಿಕೆ ಇಪ್ಪತ್ತು ಸಾವಿರ ಕುದುರೆಯ ಲೆಕ್ಕಕ್ಕಿಂತ ಹೆಚ್ಚಾಗಿ ನನಗೆ ಹುಟ್ಟಿತು.

ಇಪ್ಪತ್ತು ಸಾವಿರ ಅತಿಶಯವೇ ಇರಲಿ, ಹತ್ತರಲ್ಲಿ ಒಂದು ಪಾಲೆನ್ನೋಣ. ಅಷ್ಟು ಹೊಸ ಕುದುರೆಗಳು, ಹಡಗಿನಲ್ಲಿ ವಾರಗಟ್ಟಲೆ ತೂರಾಡಿ, ಘಟ್ಟ ಹತ್ತಿ, ಗುರುತು ಪರಿಚಯವಿಲ್ಲದ ಬಯಲಿಗೆ ಬಂದು ನಿಂತಾಗ, ಅವುಗಳಿಗೂ ಕೊಂಡ ಸಿಪಾಯಿಗೂ ನಡುವೆ ಒಬ್ಬ ಇರಲೇಬೇಕಿತ್ತು. ಹೈದರಾಬಾದಿನ ಉರ್ದುವಿನಲ್ಲಿ ಅವನಿಗೆ ‘ಚಾಬೂಕ್ ಸವಾರ’ ಎಂದು ಹೆಸರು. ಹೆಸರಿನಲ್ಲಿ ಚಾಬೂಕು ಇದ್ದರೂ ಅವನ ಕೆಲಸ ಹೊಡೆಯುವುದಲ್ಲ. ಹೊಸ ಕುದುರೆಯನ್ನು ಮೊದಲು ತಾನು ಹತ್ತಿ, ತಿದ್ದಿ, ಒಡೆಯನ ಕೈಗೆ ಕೊಡುವುದು.

ಆಳಂದಕ್ಕೆ ಬಡಗಣ ಮಗ್ಗುಲಲ್ಲಿರುವ ಇಂದಿನ ಬಸವಕಲ್ಯಾಣಕ್ಕೆ ಹೋದರೆ ಈ ಕುದುರೆ ವಿದ್ಯೆಯ ಕಥೆ ಇನ್ನೂ ಮುನ್ನೂರು ವರ್ಷ ಹಿಂದಕ್ಕೆ ಸರಿಯುತ್ತದೆ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಅಡುಗೆಯೂ ಇದೆ, ಮೀನು ಹಿಡಿಯುವುದೂ ಇದೆ, ವಾಹ್ಯಾಳಿಯ, ಅಂದರೆ ಕುದುರೆ ಸವಾರಿಯ, ವಿನೋದವೂ ಇದೆ. ಕುದುರೆಗಳ ಲಕ್ಷಣ, ಅವುಗಳ ನಡೆಯ ಭೇದ, ಕುದುರೆ ಮೇಲೆ ಕುಳಿತು ಕೋಲಿನಿಂದ ಚೆಂಡು ಹೊಡೆಯುವ ಆಟ ಎಲ್ಲ ಬರುತ್ತವೆ. ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂದು ಕುದುರೆಯ ಐದು ನಡೆಗಳಿಗೆ ಅಮರಕೋಶದ ಕಾಲಕ್ಕೇ ಹೆಸರಿದ್ದವು. ‘ವಾಹ್ಯಾಳಿ’ ಕನ್ನಡದ ಬಾಯಲ್ಲಿ ‘ವೈಯಾಳಿ’ಯಾಯಿತು. ಬೆಂಗಳೂರಿನ ವೈಯಾಲಿಕಾವಲು ಆ ಹೆಸರನ್ನು ಪಡೆದದ್ದು ಇದರಿಂದಲೇ ಎನ್ನುತ್ತಾರೆ. ಡ್ರೆಸಾಜ್ ನಮಗೆ ಪರದೇಶದ ವಿದ್ಯೆ ಎಂದು ಮೂಗು ಮುರಿಯುವವರಿಗೆ ಇಷ್ಟು ಹೇಳಿದರೆ ಸಾಕು. ‘ಎಲ್ಲಾ ನಮ್ಮಲ್ಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವವರಿಗೆ ಬೇರೆ ಮಾತಿದೆ: ಇತ್ತು, ನಾವು ಬಿಟ್ಟೆವು.

ಬಿಟ್ಟದ್ದು ತೀರಾ ಹಿಂದೆಯೂ ಅಲ್ಲ. ನಿಜಾಮರ ಕಾಲದಲ್ಲಿ ಆಳಂದ ಪಾಯಗಾ ಜಾಗೀರಿಗೆ ಸೇರಿತ್ತು. ಪಾಯಗಾ ಸರದಾರರಿಗೆ ಸೀಮೆ ಬಿಟ್ಟುಕೊಟ್ಟಿದ್ದೇ ನಿಜಾಮನಿಗಾಗಿ ಕುದುರೆ ದಂಡು ಸಾಕಲೆಂದು. ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿಗೆ ಹೋದ ಕುದುರೆ ಬ್ರಿಗೇಡಿನಲ್ಲಿ ಜೋಧಪುರ, ಮೈಸೂರುಗಳ ಜೊತೆ ಹೈದರಾಬಾದ್ ಲ್ಯಾನ್ಸರ್ಸ್ ಕೂಡ ಇತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಮೂರ್ತಿಗಳು ಈ ಮೂರು ಸಂಸ್ಥಾನಗಳ ಸೈನಿಕರವು. 1948ರ ನಂತರ ಜಾಗೀರುಗಳು ಹೋದವು, ಲಾಯಗಳು ಗೋದಾಮಾದವು. ಟಾಂಗಾಗಳು ಒಂದಿಷ್ಟು ಕಾಲ ಉಳಿದು ಆಟೋಗಳಿಗೆ ದಾರಿ ಬಿಟ್ಟವು.

ಹಾಗಾದರೆ ಈಗ ಆಳಂದ, ಅಫಜಲಪುರ, ಜೇವರ್ಗಿ ಕಡೆ ಕುದುರೆ ಬಲ್ಲವರು ಯಾರು? ನಾನು ಕಂಡಂತೆ ಎರಡು ಬಗೆ. ಒಬ್ಬರು ಮದುವೆ ಮೆರವಣಿಗೆಗೆ ಬಿಳಿ ಕುದುರೆ ಬಾಡಿಗೆಗೆ ಕೊಡುವವರು. ಇನ್ನೊಬ್ಬರು ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಲು ಬರುವ ಸಂಚಾರಿ ಕುರಿಗಾರರು.

ಮಾಸ್ತರರು ಮೊದಲು ಹೋದದ್ದು ಮೆರವಣಿಗೆಯವರ ಹತ್ತಿರ. ಹೆಸರು, ಊರು ಬೇಡ. ಅವರ ಹೊಟ್ಟೆಪಾಡಿನ ಕೆಲಸ ಅವರದು. “ಹದಿನೈದು ದಿನದಾಗ ಕುಣಿಯೋಹಂಗ ಮಾಡಿ ಕೊಡ್ತೀನಿ” ಅಂದನಂತೆ. ಮೆರವಣಿಗೆ ಕುದುರೆ ನಿಂತಲ್ಲೇ ಕಾಲೆತ್ತಿ ಕುಣಿಯುವುದಕ್ಕೂ ಡ್ರೆಸಾಜ್‌ನಲ್ಲಿ ಪಿಯಾಫ್ ಎಂಬ ಚಲನೆಗೂ ದೂರದಿಂದ ನೋಡಿದರೆ ವ್ಯತ್ಯಾಸ ಕಾಣದು. ಹತ್ತಿರ ಹೋಗಿ ಬಾಯಿ ನೋಡಿ. ಪಿಯಾಫ್ ಕಲಿಯಲು ಕುದುರೆಗೆ ವರ್ಷಗಳು ಬೇಕು, ಬೆನ್ನು ಹಿಂಗಾಲು ಬಲಿತ ಮೇಲೆ ಅದು ತಾನಾಗಿ ಬರುತ್ತದೆ. ಹದಿನೈದು ದಿನದ ಕುಣಿತ ಬರುವುದು ನೋವಿನಿಂದ. ಮುಂದೆ ಹೋಗಲು ಲಗಾಮು ಬಿಡುವುದಿಲ್ಲ, ನಿಲ್ಲಲು ಚಾಬೂಕು ಬಿಡುವುದಿಲ್ಲ, ನಡುವೆ ಸಿಕ್ಕಿದ ಕುದುರೆ ಕುಣಿಯದೆ ಏನು ಮಾಡೀತು? ಮುಳ್ಳಿರುವ ಕಡಿವಾಣವನ್ನು ಗಾಡಿ ಹಾಗೂ ಹೇರು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ. ಆದರೂ ಸಂತೆಯಲ್ಲಿ ಅದು ಸಿಗುತ್ತದೆ, ಮಾಸ್ತರರ ಕುದುರೆಯ ಬಾಯಿಗೂ ಬಿತ್ತು.

ಆರನೆಯ ದಿನ ಆ ಹೆಣ್ಣು ಕುದುರೆ ಮಾಸ್ತರರನ್ನು ಹೊತ್ತುಕೊಂಡೇ ಬೇಲಿಗೆ ನುಗ್ಗಿತು. ಜಾಲಿ ಮುಳ್ಳು ಇಬ್ಬರಿಗೂ ಸಮನಾಗಿ ಚುಚ್ಚಿತು. ಅಂಜಿದವನ ಮೇಲೆ ಕಪ್ಪೆ ಎಸೆದಂತೆ ಅನ್ನುತ್ತಾರಲ್ಲ, ಇಲ್ಲಿ ಅಂಜಿದವರಿಬ್ಬರನ್ನು ಒಟ್ಟಿಗೆ ಕಟ್ಟಿ ಎಸೆದ ಹಾಗಾಯಿತು.

ಇಬ್ಬರೂ ಅಂಜಿದ್ದರು ಎಂಬುದೇ ಇಲ್ಲಿಯ ಮುಖ್ಯ ಮಾತು. ಕುದುರೆ ಬೇಟೆಗೆ ಸಿಕ್ಕುವ ಜಾತಿಯ ಪ್ರಾಣಿ. ತಲೆಯ ಎರಡು ಮಗ್ಗುಲಿಗೆ ಕಣ್ಣಿರುವುದರಿಂದ ಸುತ್ತ ಮುಕ್ಕಾಲುವಾಸಿಗಿಂತ ಹೆಚ್ಚು ಕಾಣುತ್ತದೆ. ಮೂಗಿನ ತುದಿಯ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣದು. ಅರಸನ ಮುಂದೆ, ಕುದುರೆಯ ಹಿಂದೆ ಹೋಗಬಾರದು ಎಂದವರು ಇದನ್ನು ಬಲ್ಲವರೇ. ಬೆನ್ನ ಮೇಲೆ ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ನಡುಗಿಸಿ ಓಡಿಸಬಲ್ಲ ಪ್ರಾಣಿಗೆ, ಎಪ್ಪತ್ತು ಕಿಲೋ ತೂಕದ ಮನುಷ್ಯನ ತೊಡೆ ಬಿಗಿಯುವುದು, ಉಸಿರು ನಿಲ್ಲುವುದು ತಿಳಿಯದೇ ಇರುತ್ತದೆಯೇ? ಅದಕ್ಕೆ ತಿಳಿಯದ್ದು ಒಂದೇ: ಈ ಮನುಷ್ಯ ಅಂಜುತ್ತಿರುವುದು ತನಗೇ ಎಂಬುದು. ಮೇಲಿನವನು ಹೆದರಿದ್ದಾನೆ, ಅಂದರೆ ಎಲ್ಲೋ ಹುಲಿ ಇದೆ ಎಂದುಕೊಳ್ಳುತ್ತದೆ.

ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸವಾರರು ಕುದುರೆಯನ್ನು ಹತ್ತಿ ಅಥವಾ ಹಿಡಿದು ಇಲ್ಲಿಂದ ಅಲ್ಲಿಗೆ ನಾಲ್ಕು ಸಲ ಹೋಗಬೇಕು. ನಾಲ್ಕನೆಯ ಸಲಕ್ಕೆ ಮೊದಲು, ಈ ಬಾರಿ ನೀವು ಹಾದುಹೋಗುವಾಗ ಛತ್ರಿ ಬಿಚ್ಚುತ್ತೇವೆ ಎಂದು ಅವರಿಗೆ ಹೇಳಲಾಯಿತು. ಛತ್ರಿ ಬಿಚ್ಚಲಿಲ್ಲ. ಆದರೂ ಸವಾರರ ಎದೆಬಡಿತ ಏರಿತು, ಅದರೊಂದಿಗೆ ಕುದುರೆಗಳ ಎದೆಬಡಿತವೂ ಏರಿತು. ಕುದುರೆಗೆ ಛತ್ರಿಯ ಸುದ್ದಿ ಯಾರೂ ಹೇಳಿರಲಿಲ್ಲ. ಇದನ್ನು ಓದಿ ಹೇಳಿದಾಗ ಮಾಸ್ತರರು ನಕ್ಕರು. “ನಾ ಮೊದಲೇ ಹೇಳ್ದೆ ಅಲ್ರೀ, ಅದಕ್ಕ ಗೊತ್ತಾಗ್ತದಂತ. ಅದಕ್ಕ ಸ್ವೀಡನ್ ಯಾಕ ಬೇಕಿತ್ತು?”

ಹೊಸ ಕುದುರೆ, ಹೊಸ ಸವಾರ ಇಬ್ಬರೂ ಒಬ್ಬರಿಂದೊಬ್ಬರು ಕಲಿಯಬಾರದು. ಇದೊಂದನ್ನು ಒಪ್ಪಿದರೆ ಗುರುವನ್ನು ಹುಡುಕುವ ಕೆಲಸ ಅರ್ಧ ಮುಗಿಯಿತು. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲು 450 ವರ್ಷಗಳಿಂದ ಬಿಳಿ ಲಿಪಿಜ್ಜಾನರ್ ಕುದುರೆಗಳಿಗೆ ಕಲಿಸುತ್ತಿದೆ. ಅಲ್ಲಿ ಹೊಸ ಹುಡುಗರನ್ನು ಕೂರಿಸುವುದು ಎಲ್ಲ ಬಲ್ಲ ಮುದಿ ಕುದುರೆಗಳ ಮೇಲೆ, ಅದೂ ಕೈಗೆ ಲಗಾಮಿಲ್ಲದೆ, ಕಾಲಿಗೆ ರಿಕಾಬಿಲ್ಲದೆ, ಉದ್ದ ಹಗ್ಗದ ಇನ್ನೊಂದು ತುದಿಯಲ್ಲಿ ಗುರು ನಿಂತು ವೃತ್ತದಲ್ಲಿ ತಿರುಗಿಸುತ್ತ, ತಿಂಗಳುಗಟ್ಟಲೆ. ಮರಿ ಕುದುರೆಗಳ ಮೇಲೆ ಹತ್ತುವವರು ಹಳೆ ಸವಾರರು ಮಾತ್ರ. ಜೇವರ್ಗಿಯ ಯಾವ ಒಕ್ಕಲಿಗನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಹೊಸ ಹೋರಿಯನ್ನು ಹೊಸ ಹೋರಿಯ ಜೋಡಿ ನೊಗಕ್ಕೆ ಕಟ್ಟುವವನು ಹುಚ್ಚ. ಒಂದು ಕಡೆ ಹಳೆ ಎತ್ತು, ಇನ್ನೊಂದು ಕಡೆ ಹೋರಿ. ಮೊದಲು ಬರಿ ನೊಗ, ಆಮೇಲೆ ಮರದ ತುಂಡು ಎಳೆಸುವುದು, ಆಮೇಲೆ ಕುಂಟೆ. ಗಾಡಿಯ ಮಾತು ಕಡೆಗೆ. ಹೋರಿಗೆ ಕಲಿಸುವುದು ಹಳೆ ಎತ್ತು, ಒಕ್ಕಲಿಗ ಹಿಂದೆ ನಡೆಯುತ್ತಾನೆ ಅಷ್ಟೆ.

ಕುದುರೆಗೆ ಜೋಡಿ ನೊಗವಿಲ್ಲ. ಹಳೆ ಎತ್ತಿನ ಕೆಲಸವನ್ನು ಗುರುವೇ ಮಾಡಬೇಕು.

ಹುಡುಕುವುದೆಲ್ಲಿ? ಕಲಬುರಗಿ ಜಿಲ್ಲೆಯೊಳಗೆ ಡ್ರೆಸಾಜ್ ಶಾಲೆಯೆಂದು ನನ್ನ ಕಣ್ಣಿಗೆ ಬಿದ್ದದ್ದಿಲ್ಲ. ರಾಜ್ಯದಲ್ಲಿ ದೊಡ್ಡ ಹೆಸರು ಬೆಂಗಳೂರಿನ ಹೊರವಲಯದಲ್ಲಿ 1996ರಲ್ಲಿ ಶುರುವಾದ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲಿನದು. ಬೆಂಗಳೂರಿನ ಫವಾದ್ ಮಿರ್ಜಾ ಎಂಬೆಸಿಯವರ ಬೆಂಬಲದಿಂದಲೇ ಬೆಳೆದವರು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಇವೆಂಟಿಂಗ್‌ನಲ್ಲಿ 23ನೆಯವರಾದರು. ಇವೆಂಟಿಂಗ್‌ನ ಮೂರು ಭಾಗಗಳಲ್ಲಿ ಮೊದಲನೆಯದೇ ಡ್ರೆಸಾಜ್. ಅದರ ಕೊನೆಗೆ ಅವರು ಮೊದಲ ಹತ್ತರೊಳಗಿದ್ದರು. ಮೈಸೂರಿನಲ್ಲಿ ದಸರೆಗೆ ನಾವು ನೋಡುವ ಅಶ್ವಾರೋಹಿ ಪೊಲೀಸ್ ದಳವಿದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಎನ್‌ಸಿಸಿಯ ಕುದುರೆ ಘಟಕವಿದೆ. ಜೈಪುರದಲ್ಲಿ 61ನೇ ಕ್ಯಾವಲ್ರಿ ಇದೆ. 1953ರಲ್ಲಿ ಸಂಸ್ಥಾನಗಳ ಕುದುರೆ ದಂಡುಗಳನ್ನು ಒಗ್ಗೂಡಿಸಿ ಕಟ್ಟಿದ್ದು, ನಮ್ಮ ಮೈಸೂರಿನ ಲ್ಯಾನ್ಸರ್ಸ್ ಕೂಡ ಅದರೊಳಗೆ ಸೇರಿಹೋಯಿತು.

ಇವುಗಳ ವಿಳಾಸ ಮಾಸ್ತರರಿಗೆ ಕೊಟ್ಟು ಏನು ಮಾಡಲಿ? ಆರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಕುದುರೆಯನ್ನು ಲಾರಿಯಲ್ಲಿ ಹೇರಿ ಒಯ್ಯಲೇ? ಅವರಿಗೆ ನಾನು ಹೇಳಿದ್ದು ಬೇರೆ: ಶಾಲೆಯನ್ನಲ್ಲ, ಆ ಶಾಲೆಗಳಿಂದ, ದಳಗಳಿಂದ ನಿವೃತ್ತರಾಗಿ ಊರಿಗೆ ಮರಳಿದವರನ್ನು ಹುಡುಕಿ. ಸೈನ್ಯದ ರಿಮೌಂಟ್ ವಿಭಾಗದ ಹವಾಲ್ದಾರ, ಅಶ್ವದಳದ ಜಮಾದಾರ, ಇಂಥವರು ಸೊಲ್ಲಾಪುರ, ವಿಜಯಪುರ, ಬೀದರ ಕಡೆ ಹಳ್ಳಿಗಳಲ್ಲಿ ಸಿಗುತ್ತಾರೆ. ಸಾವಿರಾರು ಅಂಜುಬುರುಕ ರಂಗರೂಟರನ್ನು ಕುದುರೆ ಹತ್ತಿಸಿದ ಕೈ ಅವು. ಪದಕ ಗೆದ್ದವನಿಗೆ ಅಂಜಿಕೆ ಎಂದರೇನೆಂದು ಮರೆತಿರುತ್ತದೆ. ಹುಟ್ಟಾ ಧೈರ್ಯವಂತರು ಒಳ್ಳೆಯ ಗುರುಗಳಾಗುವುದು ಅಪರೂಪ ಎಂಬುದು ನನ್ನ ಅನುಮಾನ.

ಸಿಕ್ಕ ಮೇಲೆ ಪರೀಕ್ಷೆ ಹೇಗೆ? ಗುರುವನ್ನು ನೋಡಬೇಡಿ, ಅವನ ಕುದುರೆಯನ್ನು ನೋಡಿ. ಬಾಯಿಯ ಮೂಲೆಯಲ್ಲಿ ಗಾಯದ ಗುರುತಿದೆಯೇ, ಪಕ್ಕೆಯಲ್ಲಿ ಮುಳ್ಳುಗಾಲಿನ ಗೀರಿದೆಯೇ? ಅವನು ಲಾಯದೊಳಗೆ ಕಾಲಿಟ್ಟಾಗ ಕುದುರೆ ಕಿವಿ ನಿಮಿರಿಸಿ ಮುಖ ತಿರುಗಿಸುತ್ತದೆಯೋ, ಹಿಂದೆ ಸರಿದು ಗೋಡೆಗೆ ಅಂಟುತ್ತದೆಯೋ? ಸಾಧ್ಯವಾದರೆ ಇನ್ನೊಬ್ಬ ಅಂಜುಬುರುಕನಿಗೆ ಅವನು ಕಲಿಸುವುದನ್ನು ಒಂದು ಗಂಟೆ ಕೂತು ನೋಡಿ. ‘ಅಂಜಬ್ಯಾಡ’ ಎಂದು ಎಷ್ಟು ಸಲ ಅಂದ ಎಣಿಸಿ. ಹೆಚ್ಚು ಸಲ ಅಂದಷ್ಟೂ ಅವನಿಗೆ ಕಲಿಸಲು ಬೇರೇನೂ ಗೊತ್ತಿಲ್ಲ ಎಂದು ಅರ್ಥ. ಬಲ್ಲವನು ‘ಅಂಜಬ್ಯಾಡ’ ಅನ್ನುವುದಿಲ್ಲ. ‘ಎಡಗಾಲು ಯಾವಾಗ ನೆಲ ಮುಟ್ಟತದ ಹೇಳು’ ಅನ್ನುತ್ತಾನೆ. ಮನಸ್ಸಿಗೆ ಎಣಿಸುವ ಕೆಲಸ ಸಿಕ್ಕಿತು, ಬಾಯಿ ತೆರೆಯಿತು, ಬಾಯಿ ತೆರೆದರೆ ಉಸಿರು ಕಟ್ಟುವುದಿಲ್ಲ, ಉಸಿರು ಬಿಟ್ಟರೆ ಸೊಂಟ ಸಡಿಲ. ಕೆಳಗಿರುವ ಕುದುರೆಗೆ ಹುಲಿ ಹೋಯಿತು ಎಂಬ ಸುದ್ದಿ ಮುಟ್ಟಿತು.

ಇನ್ನೊಂದು: ನಿಮ್ಮ ಕುದುರೆ ನೋಡಲು ಬಂದವನು ಮೊದಲು ಏನು ಕೇಳುತ್ತಾನೆ? ಜೀನು ತನ್ನಿ ಅಂದರೆ ಚಹಾ ಕುಡಿಸಿ ಕಳಿಸಿಬಿಡಿ. ಏನು ತಿನ್ನಿಸುತ್ತೀರಿ, ಹಲ್ಲು ಯಾರಿಗೆ ತೋರಿಸಿದಿರಿ, ಲಾಳ ಯಾವಾಗ ಕಟ್ಟಿಸಿದಿರಿ ಎಂದು ಕೇಳಿ, ಬೆನ್ನ ಮೇಲೆ ಅಂಗೈ ಒತ್ತುತ್ತ ಹೋದರೆ ಅವನು ನಿಮ್ಮವನು. ಕೆಟ್ಟ ನಡತೆ ಎಂದು ನಾವು ಕರೆಯುವುದು ಎಷ್ಟೋ ಸಲ ಹಲ್ಲುನೋವು, ಬೆನ್ನುನೋವು, ಅಳತೆಗೆ ಕೂಡದ ಜೀನು. ಅದಕ್ಕೆ ಡ್ರೆಸಾಜ್ ಗುರುವಲ್ಲ, ಪಶುವೈದ್ಯರು ಬೇಕು. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಮೇವಿನ ದೋಷವೂ ಇರುತ್ತದೆ. ಪ್ರೀತಿಯಿಂದ ಮೂರು ಹೊತ್ತು ಕಡಲೆ ತಿನ್ನಿಸಿ ಲಾಯದಲ್ಲೇ ಕಟ್ಟಿಹಾಕಿದ ಕುದುರೆ ಎಂಟು ದಿನಕ್ಕೆ ಹೊರಬಂದಾಗ ಕುಪ್ಪಳಿಸದೆ ಬಿಟ್ಟೀತೇ?

ಮಾಸ್ತರರಿಗೆ ಗುರು ಸಿಕ್ಕರು. ನಿವೃತ್ತ ಅಶ್ವಾರೋಹಿ, ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯವರು, ಮನೆಮಾತು ಕನ್ನಡ. ತಿಂಗಳಿಗೆ ಹತ್ತು ದಿನ ಬಂದು ಇರುತ್ತಾರೆ. ಬಂದವರು ಮೊದಲು ಮಾಡಿದ್ದು ಆ ಕಡಿವಾಣವನ್ನು ಬಾವಿಗೆ ಎಸೆದದ್ದು. ಎರಡನೆಯದು, ಮಾಸ್ತರರು ಒಂದು ತಿಂಗಳು ಕುದುರೆ ಹತ್ತಕೂಡದು ಎಂಬ ಅಪ್ಪಣೆ. ಅಷ್ಟು ದಿನ ಅವರೇ ಹತ್ತಿದರು. ಮಾಸ್ತರರಿಗೆ ಮೈ ತಿಕ್ಕುವ, ಗೊರಸಿನ ಕೊಳೆ ತೆಗೆಯುವ, ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುವ ಕೆಲಸ. ಕುದುರೆ ನಿಂತಾಗ ತಾನು ನಿಲ್ಲುವುದಲ್ಲ, ತಾನು ನಿಂತಾಗ ಕುದುರೆ ನಿಲ್ಲಬೇಕು: ಇಷ್ಟನ್ನು ಸಾಧಿಸಲು ಒಂಬತ್ತು ದಿನ ಹಿಡಿಯಿತಂತೆ.

ಅಂಗಳದ ಪ್ರಶ್ನೆ ಬಂತು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಗೊರಸಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಹೊಲದ ಎತ್ತರದ ಮೂಲೆಯಲ್ಲಿ ಮೊರಂ ಹಾಕಿಸಿ, ನಡುವೆ ಗೂಟ ನೆಟ್ಟು, ಹತ್ತು ಮೀಟರ್ ಹಗ್ಗ ಕಟ್ಟಿ ಸುಣ್ಣದ ಗೆರೆ ಎಳೆದರು. ಡ್ರೆಸಾಜ್‌ನ ಮೊದಲ ಪಾಠವೆಲ್ಲ ಈ 20 ಮೀಟರ್ ವೃತ್ತದಲ್ಲೇ. ಗೆರೆಯ ಮೇಲೆ ನಡೆಯಬೇಕೆಂದರೆ ಕುದುರೆ ಮೈಯನ್ನು ಒಳಕ್ಕೆ ಒಂಚೂರು ಬಾಗಿಸಬೇಕು. ಬಾಗಿದ ಮೈಯಲ್ಲಿ ನುಗ್ಗುವುದು ಕಷ್ಟ. ವೃತ್ತಕ್ಕೆ ಕೊನೆಯೂ ಇಲ್ಲ, ಮನೆಯ ದಿಕ್ಕೂ ಇಲ್ಲ. ಅಂಜುವ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾರೂ ಕಂಡುಹಿಡಿದಿಲ್ಲ. ಹೆಲ್ಮೆಟ್ ವಿಷಯಕ್ಕೆ ಮಾತ್ರ ಜಗಳವಾಯಿತು. ಮಾಸ್ತರರಿಗೆ ರುಮಾಲಿನ ಮೇಲೆ ಮೋಹ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2021ರಿಂದ ಡ್ರೆಸಾಜ್‌ಗೂ ಹೆಲ್ಮೆಟ್ ಕಡ್ಡಾಯ ಮಾಡಿದೆ ಎಂದು ತೋರಿಸಿದ ಮೇಲೆ ರುಮಾಲು ಗೂಟಕ್ಕೆ ಹೋಯಿತು.

ಎರಡನೆಯ ಬಗೆಯ ಬಲ್ಲವರು ಎಂದೆನಲ್ಲ, ಆ ಕುರಿಗಾರರು? ಅವರ ಪಾತ್ರವೂ ಇದರಲ್ಲಿದೆ. ಭೀಮಾ ದಂಡೆಯ ಗಿಡ್ಡ, ಗಟ್ಟಿ ಕುದುರೆಗೆ ಭೀಮಥಡಿ ತಟ್ಟು ಎಂಬ ಹೆಸರು ಮರಾಠರ ಕಾಲದಿಂದ ಇದೆ. ಅವರ ದಂಡು ಓಡಾಡಿದ್ದೇ ಇಂಥವುಗಳ ಮೇಲೆ. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಕೇಂದ್ರ ಈಚೆಗೆ ಅದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿತು, ಮಹಾರಾಷ್ಟ್ರದ ಹೆಸರಿನಲ್ಲಿ. ಭೀಮೆ ಅಫಜಲಪುರ, ಜೇವರ್ಗಿ ದಾಟಿ ಕೃಷ್ಣೆಯವರೆಗೆ ಹರಿಯುತ್ತಾಳೆ. ನಮ್ಮ ದಂಡೆಯ ತಟ್ಟುಗಳನ್ನು ಎಣಿಸುವ ಮನಸ್ಸು ನಮ್ಮ ಪಶುಪಾಲನಾ ಇಲಾಖೆಗೂ ಬರಲಿ. ಕುರಿಗಾರರ ಹೆಂಗಸರು ಈ ತಟ್ಟುಗಳ ಮೇಲೆ ಕೌದಿ, ಪಾತ್ರೆ, ಕೋಳಿ, ಅಂದೇ ಹುಟ್ಟಿದ ಕುರಿಮರಿ, ಅದರ ಮೇಲೆ ಕೂಸನ್ನೂ ಕಟ್ಟಿ, ಹೆದ್ದಾರಿಯ ಲಾರಿಗಳ ಪಕ್ಕದಲ್ಲಿ ನಡೆಸಿಕೊಂಡು ಹೋಗುತ್ತಾರೆ. ಕುದುರೆ ಕತ್ತು ಇಳಿಬಿಟ್ಟು ನಡೆಯುತ್ತಿರುತ್ತದೆ. ಜರ್ಮನ್ನರ ಎರಡನೆಯ ಮೆಟ್ಟಿಲು, ಮೈ ಸಡಿಲ, ಅಂದರೆ ಅದೇ.

ಗುರುಗಳು ಅಂಥ ಒಂದು ಕುಟುಂಬದ ಹದಿನೆಂಟು ವರ್ಷದ ಮುದಿ ತಟ್ಟನ್ನು ಎರಡು ತಿಂಗಳಿಗೆ ಬಾಡಿಗೆಗೆ ತಂದರು. ಮಾಸ್ತರರ ತೂಕಕ್ಕೆ ಅದು ಸಣ್ಣದು. ಸವಾರ, ಜೀನು ಕೂಡಿ ಕುದುರೆ ತೂಕದ ಐದರಲ್ಲೊಂದು ಪಾಲು ಮೀರಬಾರದು ಎಂಬ ಲೆಕ್ಕವಿದೆ. ಹಾಗಾಗಿ ದಿನಕ್ಕೆ ಹದಿನೈದು ನಿಮಿಷ, ಬರಿ ನಡಿಗೆ, ಉದ್ದ ಹಗ್ಗದಲ್ಲಿ. ಉಳಿದ ಹೊತ್ತು ಆ ತಟ್ಟನ್ನು ಹೊಸ ಕುದುರೆಯ ಪಕ್ಕದಲ್ಲಿ ಕಟ್ಟುತ್ತಿದ್ದರು. ಲಾರಿ ಹೋದಾಗ ಹೊಸದು ಬೆಚ್ಚುತ್ತದೆ, ಮುದಿಯದು ಮೇಯುತ್ತಲೇ ಇರುತ್ತದೆ. ಹೊಸದು ಅದನ್ನು ನೋಡುತ್ತದೆ.

ಕಳೆದ ವಾರ ಮಾಸ್ತರರ ಫೋನು ಬಂದಿತ್ತು. ಕುರಿಗಾರರು ತಟ್ಟನ್ನು ವಾಪಸು ಒಯ್ದಿದ್ದಾರೆ. ಮಾಸ್ತರರು ಈಗ ತಮ್ಮ ಕುದುರೆಯ ಮೇಲೆ ಸುಣ್ಣದ ಗೆರೆಯಲ್ಲಿ ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು, ಬಾಯಲ್ಲಿ ಒಂದರಿಂದ ನಾಲ್ಕು ಎಣಿಸುತ್ತ ಹೋಗುತ್ತಾರೆ. ಕುಕ್ಕುಲೋಟಕ್ಕೆ ಗುರುಗಳ ಅಪ್ಪಣೆ ಇನ್ನೂ ಸಿಕ್ಕಿಲ್ಲ.